ಕ್ವಾಯರ್ ದಾಟಿ ಒಬ್ಬರೇ ಹಾಡಲು ಹೊರಟಾಗ

ಭಾನುವಾರದ ಆರಾಧನೆಯಲ್ಲಿ ಹದಿನೈದಿಪ್ಪತ್ತು ಜನರ ನಡುವೆ ನಿಂತು ನೀವು ಚೆನ್ನಾಗಿಯೇ ಹಾಡುತ್ತೀರಿ. ‘ನೀನ್ಯಾಕೆ ಸ್ವಂತ ಹಾಡು ಬಿಡಬಾರದು?’ ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ. ಒಂದು ದಿನ ನೆಂಟರ ಮದುವೆಯಲ್ಲೋ ಹಬ್ಬದ ಪೆಂಡಾಲಿನಲ್ಲೋ ಮೈಕ್ ನಿಮ್ಮೊಬ್ಬರ ಕೈಗೇ ಬರುತ್ತದೆ. ಪಲ್ಲವಿ ಹೇಗೋ ದಾಟುತ್ತದೆ. ಚರಣದ ಎರಡನೇ ಸಾಲಿಗೆ ಉಸಿರು ಸಾಲುವುದಿಲ್ಲ. ಮೇಲಿನ ಸ್ವರಕ್ಕೆ ಏರಿದಾಗ ದನಿ ಒಡೆಯುತ್ತದೆ. ಅದೇ ಹಾಡು, ಅದೇ ಗಂಟಲು. ಚರ್ಚಿನಲ್ಲಿ ಎಂದೂ ಆಗದ್ದು ಇಲ್ಲೇಕೆ ಆಯಿತು?

ಎನ್. ಬೇಗೂರು, ಸರಗೂರು, ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿರಲಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಬಯಲಿರಲಿ, ಭಕ್ತಿಗೀತೆ ಹಾಡುವ ದನಿಗಳಿಗೆ ಈ ಸೀಮೆಯಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ಗುಂಪಿನಲ್ಲಿ ಹಾಡುವವರು ಒಬ್ಬರೇ ನಿಂತು ಹಾಡುವುದಕ್ಕೆ ಬೇಕಾದ ತಯಾರಿಯ ಬಗ್ಗೆ ಹೇಳಿಕೊಡುವವರದು. ಈ ಲೇಖನವನ್ನು ಮುಖ್ಯವಾಗಿ ಚರ್ಚಿನ ಗಾಯನ ಮಂಡಳಿಯಿಂದ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಭಜನೆ ಮನೆಯಲ್ಲಿ ಹಾಡುವವರಿಗೂ ಮಾದೇಶ್ವರನ ಪದ ಹೇಳುವವರಿಗೂ ಇದರ ಬಹುಪಾಲು ಹಾಗೇ ಅನ್ವಯಿಸುತ್ತದೆ.

ಹಿನ್ನೆಲೆ, ನಾಲ್ಕು ಮಾತಿನಲ್ಲಿ

ಸುವಾರ್ತೆಯ ಹಾಡನ್ನು ಒಂಟಿ ದನಿಯ ಕಲೆಯಾಗಿ ಜಗತ್ತಿಗೆ ತೋರಿಸಿದವರಲ್ಲಿ ಅಮೆರಿಕದ ಮಹೇಲಿಯಾ ಜಾಕ್ಸನ್ (1911–1972) ಮೊದಲ ಸಾಲಿನವರು. ಷಿಕಾಗೋದ ಚರ್ಚಿನ ಕ್ವಾಯರ್‌ನಲ್ಲಿ, ಆಮೇಲೆ ಒಂದು ಚಿಕ್ಕ ತಂಡದಲ್ಲಿ ಹಾಡಿ ಪಳಗಿದವರು. 1937ರಲ್ಲಿ ಡೆಕ್ಕಾ ಕಂಪನಿಗೆ ಹಾಡಿದ ಹಾಡುಗಳು ಮಾರಾಟವಾಗಲಿಲ್ಲ. ಹತ್ತು ವರ್ಷ ಕಳೆದು, 1947ರಲ್ಲಿ ಅಪೊಲೊ ಕಂಪನಿಗೆ ಹಾಡಿದ ಒಂದು ಹಾಡು ಅವರನ್ನು ಮನೆಮಾತಾಗಿಸಿತು. ಈ ನಡುವಿನ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಅವರು ಬ್ಯೂಟಿ ಪಾರ್ಲರ್ ನಡೆಸಿದರು. ಕೆಲಸ ಬಿಟ್ಟು ಹಾಡಿಗೆ ಇಳಿಯಬೇಕೆಂದು ಕಾತರಿಸುವವರು ಇದನ್ನು ನೆನಪಿನಲ್ಲಿಡಬೇಕು.

ನಮ್ಮ ನೆಲದಲ್ಲಿ ಕಥೆ ಬೇರೆ ರೀತಿಯದು. ಬಾಸೆಲ್ ಮಿಷನ್ನಿನವರು ಜರ್ಮನ್, ಇಂಗ್ಲಿಷ್ ಸ್ತುತಿಗೀತೆಗಳನ್ನು ಅದೇ ಧಾಟಿಯಲ್ಲಿ ಕನ್ನಡಕ್ಕೆ ತಂದರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಮಾತ್ರ ಕ್ರಿಸ್ತನ ಬದುಕನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಹೇಳಬೇಕೆಂದು ಹೊರಟು 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿದರು. ಅವರ ಆ ನಿಲುವು ಇಂದಿನ ಗಾಯಕರಿಗೂ ಎಷ್ಟು ಮುಖ್ಯ ಎಂಬುದು ಮುಂದೆ ಹಾಡಿನ ಆಯ್ಕೆಗೆ ಬಂದಾಗ ತಿಳಿಯುತ್ತದೆ.

ಗುಂಪಿನಲ್ಲಿ ಹೊಂದಿದ ದನಿ ಒಂಟಿಯಾದಾಗ ಏಕೆ ಸೋಲುತ್ತದೆ?

ಕ್ವಾಯರ್‌ನಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಉಸಿರು ಎಳೆದುಕೊಳ್ಳುವುದಿಲ್ಲ. ನೀವು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಪಕ್ಕದವರು ಹಾಡುತ್ತಿರುತ್ತಾರೆ, ಹಾಗಾಗಿ ಸಾಲು ಕಡಿಯುವುದಿಲ್ಲ. ಶ್ರುತಿಯ ವಿಷಯವೂ ಇಷ್ಟೇ. ಇಪ್ಪತ್ತು ದನಿಗಳಲ್ಲಿ ಕೆಲವು ಕೂದಲೆಳೆಯಷ್ಟು ಮೇಲೆ, ಕೆಲವು ಕೆಳಗೆ ಇರುತ್ತವೆ. ಎಲ್ಲ ಸೇರಿದಾಗ ಕಿವಿಗೆ ತುಂಬು ದನಿಯಾಗಿ ಕೇಳುತ್ತದೆ, ಯಾರ ತಪ್ಪೂ ಗೊತ್ತಾಗುವುದಿಲ್ಲ. ಅಕ್ಷರ ನುಂಗಿದರೂ ಇನ್ನೊಬ್ಬರ ಬಾಯಲ್ಲಿ ಅದು ಸ್ಪಷ್ಟವಾಗಿರುತ್ತದೆ. ಉಸಿರು, ಶ್ರುತಿ, ಉಚ್ಚಾರ ಈ ಮೂರನ್ನೂ ಗುಂಪು ನಿಮ್ಮ ಪರವಾಗಿ ಹೊತ್ತುಕೊಂಡಿರುತ್ತದೆ.

ಇನ್ನೊಂದು ಕಾರಣವೂ ಉಂಟು. ಒಳ್ಳೆಯ ಕ್ವಾಯರ್ ಗಾಯಕರು ತಮ್ಮ ದನಿ ಎದ್ದು ಕಾಣದಂತೆ ತಗ್ಗಿಸಿಕೊಳ್ಳುವುದನ್ನು ವರ್ಷಗಟ್ಟಲೆ ಕಲಿತಿರುತ್ತಾರೆ. ಅದು ಅಲ್ಲಿ ಗುಣ. ಒಬ್ಬರೇ ಹಾಡುವಾಗ ಅದೇ ಅಭ್ಯಾಸ ಹಾಡನ್ನು ಸಪ್ಪೆ ಮಾಡುತ್ತದೆ. ಆದ್ದರಿಂದ ಸ್ಟುಡಿಯೊ, ವಿಡಿಯೊ, ಚಾನೆಲ್ ಇವೆಲ್ಲ ಆಮೇಲಿನ ಮಾತು. ಮೊದಲು ಆಗಬೇಕಾದ ಕೆಲಸ ಮನೆಯಲ್ಲೇ, ಖರ್ಚಿಲ್ಲದೆ ಆಗುವಂಥದ್ದು.

ಮನೆಯಲ್ಲಿ ಮಾಡಬೇಕಾದ ತಯಾರಿ

1. ನಿಮ್ಮ ಶ್ರುತಿ ಕಂಡುಕೊಳ್ಳಿ. ಕ್ವಾಯರ್‌ನಲ್ಲಿ ಹಾಡುವ ಶ್ರುತಿ ಎಲ್ಲರಿಗೂ ಹೊಂದಲೆಂದು ಇಟ್ಟದ್ದು, ನಿಮಗಾಗಿ ಅಲ್ಲ. ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಗುರುತಿಸಿ. ಕೆಳಗಿನದು ಗೊಣಗಿದಂತಾಗದೆ ಕೇಳಬೇಕು, ಮೇಲಿನದು ಕಿರುಚದೆ ಬರಬೇಕು. ಹಾರ್ಮೋನಿಯಂ ಇದ್ದರೆ ಬಿಳಿ ಒಂದರಿಂದ ಶುರುಮಾಡಿ ಕಪ್ಪು ಒಂದು, ಬಿಳಿ ಎರಡು ಹೀಗೆ ಅರ್ಧರ್ಧ ಸ್ವರ ಏರಿಸುತ್ತ ಇಳಿಸುತ್ತ ಹಾಡಿ ನೋಡಿ. ಇಲ್ಲದಿದ್ದರೆ ಫೋನಿನ ತಂಬೂರಿ ಆ್ಯಪ್ ಸಾಕು. ಹಿತವಾದ ಶ್ರುತಿಯನ್ನು ಹಾಡಿನ ಪಕ್ಕದಲ್ಲಿ ಬರೆದಿಡಿ. ವೇದಿಕೆಗೆ ಅದಕ್ಕಿಂತ ಅರ್ಧ ಸ್ವರ ಕೆಳಗೆ ಇಟ್ಟುಕೊಳ್ಳುವುದು ಕ್ಷೇಮ. ಭಯದಲ್ಲಿ ಕತ್ತು ಬಿಗಿಯಾಗುತ್ತದೆ, ಬಿಗಿಯಾದ ಕತ್ತಿನಲ್ಲಿ ಮೇಲಿನ ಸ್ವರ ಸುಲಭಕ್ಕೆ ಬರುವುದಿಲ್ಲ. ಕೀಬೋರ್ಡ್ ನುಡಿಸುವವರಿಗೆ ‘ಡಿ ಶಾರ್ಪ್’ ಎಂದೋ ‘ಸಿ’ ಎಂದೋ ನೀವೇ ಹೇಳುವಂತಿರಬೇಕು. ‘ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ’ ಎಂದು ವೇದಿಕೆಯ ಮೇಲೆ ಹುಡುಕುತ್ತ ಕೂತರೆ ಕೇಳುಗರು ಆಗಲೇ ಎದ್ದಿರುತ್ತಾರೆ.

2. ಉಸಿರಿನ ಗುರುತು ಹಾಕಿ. ಹಾಡನ್ನು ಕೈಯಲ್ಲಿ ಬರೆದುಕೊಳ್ಳಿ. ಎಲ್ಲಿ ಅರ್ಥ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಉಸಿರು ತೆಗೆದುಕೊಳ್ಳುವುದು ಅಲ್ಲಿ ಮಾತ್ರ. ಪದದ ನಡುವೆ ಉಸಿರೆಳೆದರೆ ಅರ್ಥ ಮುರಿಯುತ್ತದೆ. ದಿನಾ ಬೆಳಿಗ್ಗೆ ಒಂದು ಅಭ್ಯಾಸ: ಹೆಗಲು ಏರಿಸದೆ, ಪಕ್ಕೆ ಅಗಲವಾಗುವಂತೆ ಉಸಿರು ತುಂಬಿಕೊಂಡು, ‘ಸ್...’ ಎಂದು ಒಂದೇ ಸಮನೆ ಬಿಡಿ. ಮೊದಮೊದಲು ಹತ್ತು ಹನ್ನೆರಡು ಸೆಕೆಂಡಿಗೇ ಮುಗಿಯಬಹುದು. ಇಪ್ಪತ್ತೈದು ಸೆಕೆಂಡು ನಡುಗದೆ ಬಂದರೆ ಹೆಚ್ಚಿನ ಹಾಡುಗಳ ಉದ್ದದ ಸಾಲಿಗೆ ಅದು ಸಾಕು.

3. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಾಡುವಾಗ ನಿಮ್ಮ ದನಿ ನಿಮಗೆ ತಲೆಯ ಮೂಳೆಯ ಮೂಲಕವೂ ಕೇಳುತ್ತದೆ. ಹಾಗಾಗಿ ಅದು ಇರುವುದಕ್ಕಿಂತ ದಪ್ಪವಾಗಿ, ತುಂಬಿದಂತೆ ಭಾಸವಾಗುತ್ತದೆ. ಕೇಳುಗರಿಗೆ ತಲುಪುವುದು ಗಾಳಿಯಲ್ಲಿ ಹೋಗುವ ದನಿ ಮಾತ್ರ. ಮೊದಲ ಸಲ ರೆಕಾರ್ಡಿಂಗ್ ಕೇಳಿದಾಗ ‘ಇದು ನನ್ನ ದನಿಯೇ ಅಲ್ಲ’ ಎನ್ನಿಸುವುದು ಎಲ್ಲರಿಗೂ ಸಹಜ, ಎದೆಗುಂದಬೇಡಿ. ಒಂದು ಸಲ ಶ್ರುತಿಗಾಗಿ, ಇನ್ನೊಂದು ಸಲ ಅಕ್ಷರಗಳಿಗಾಗಿ, ಮತ್ತೊಂದು ಸಲ ಉಸಿರಿನ ಸದ್ದಿಗಾಗಿ ಕೇಳಿ. ಮೂರನ್ನೂ ಒಟ್ಟಿಗೆ ಕೇಳಹೊರಟರೆ ಒಂದೂ ಸಿಕ್ಕುವುದಿಲ್ಲ.

4. ಪಕ್ಕವಾದ್ಯವಿಲ್ಲದೆ ಹಾಡಿ. ಬರೀ ತಂಬೂರಿಗೆ ಪೂರ್ತಿ ಹಾಡು ಹಾಡಿ, ಕೊನೆಯಲ್ಲಿ ಶ್ರುತಿ ಜಾರಿದೆಯೇ ನೋಡಿ. ಕರೋಕೆ ಟ್ರ್ಯಾಕ್ ಹಾಕಿಕೊಂಡು ಕಲಿತವರಿಗೆ ಇದು ಕಷ್ಟ. ಆದರೆ ನಮ್ಮ ಊರುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಕೀಬೋರ್ಡ್ ನಿಂತರೂ ನಿಲ್ಲದ ಗಾಯಕರನ್ನು ಜನ ಮರೆಯುವುದಿಲ್ಲ.

5. ಗಂಟಲಿನ ಆರೈಕೆ. ಕುಡಿದ ನೀರು ಧ್ವನಿ ತಂತುಗಳ ಮೇಲೆ ಹರಿಯುವುದಿಲ್ಲ, ಅನ್ನನಾಳಕ್ಕೆ ಹೋಗುತ್ತದೆ. ಅದು ರಕ್ತಕ್ಕೆ ಸೇರಿ ತಂತುಗಳನ್ನು ಹಸಿಯಾಗಿಡಲು ಹೊತ್ತು ಬೇಕು. ಆದ್ದರಿಂದ ಸಂಜೆ ಹಾಡಬೇಕಿದ್ದರೆ ಬೆಳಿಗ್ಗೆಯಿಂದಲೇ ನೀರು ಕುಡಿಯುತ್ತಿರಬೇಕು. ವೇದಿಕೆ ಹತ್ತುವ ಮುನ್ನ ಒಂದು ಲೋಟ ಕುಡಿದರೆ ಬಾಯಿ ಒದ್ದೆಯಾಗುತ್ತದೆ, ಅಷ್ಟೆ. ಮೆಣಸಿನ ಕಷಾಯ ಗಂಟಲಿಗೆ ಹಿತ ಕೊಡಬಹುದು, ಅದೂ ತಂತುಗಳನ್ನು ಮುಟ್ಟುವುದಿಲ್ಲ. ಉಸಿರಿನೊಡನೆ ಒಳಹೋಗುವ ಬಿಸಿನೀರಿನ ಆವಿ ಮಾತ್ರ ನೇರ ಅಲ್ಲಿಗೆ ತಲುಪುತ್ತದೆ. ಪದೇ ಪದೇ ಖ್ಯಾಕರಿಸುವ ಅಭ್ಯಾಸ ಬಿಡಿ, ತಂತುಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ.

ಯಾವ ಹಾಡು ಮನಸ್ಸಿಗೆ ಬಲ ಕೊಡುತ್ತದೆ?

ಉತ್ಸಾಹದ ಹಾಡೆಂದರೆ ವೇಗದ ಹಾಡು, ಚಪ್ಪಾಳೆಯ ಹಾಡು ಎಂದು ಹಲವರು ತಿಳಿದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ತಾಯಿಗೆ, ಬೆಳೆ ಕೈಕೊಟ್ಟ ರೈತನಿಗೆ ಮೊದಲ ಸಾಲಿನಿಂದಲೇ ‘ಸಂತೋಷಪಡು’ ಎಂದರೆ ಆ ಮಾತು ಒಳಗೆ ಇಳಿಯದು. ಕಷ್ಟವನ್ನು ಮೊದಲು ಹೆಸರಿಟ್ಟು ಕರೆದು, ಅಲ್ಲಿಂದ ಭರವಸೆಗೆ ಬರುವ ಹಾಡು ನಿಲ್ಲುತ್ತದೆ. ಅಮೆರಿಕದ ಸುವಾರ್ತಾ ಸಂಗೀತಕ್ಕೆ ಬುನಾದಿ ಹಾಕಿದ ಥಾಮಸ್ ಡಾರ್ಸಿ ತಮ್ಮ ಅತಿ ಪ್ರಸಿದ್ಧ ಹಾಡನ್ನು ಕಟ್ಟಿದ್ದು 1932ರಲ್ಲಿ, ಹೆರಿಗೆಯಲ್ಲಿ ಹೆಂಡತಿಯನ್ನೂ ಹುಟ್ಟಿದ ಮಗುವನ್ನೂ ಕಳೆದುಕೊಂಡ ಮೇಲೆ. ನಮ್ಮ ವಚನಗಳಲ್ಲೂ ದಾಸರ ಪದಗಳಲ್ಲೂ ಇದೇ ನಡೆಯನ್ನು ಕಾಣಬಹುದು.

ಹಾಡು ಆರಿಸುವಾಗ ಅಥವಾ ಬರೆಸುವಾಗ ಇಷ್ಟನ್ನು ಗಮನಿಸಿ.

1. ಪಲ್ಲವಿ ನಡುವಿನ ಸ್ವರಗಳಲ್ಲಿರಲಿ. ಕೇಳುವವರು ಎರಡನೇ ಸಲಕ್ಕೆ ಜೊತೆಗೂಡುವಂತಿರಬೇಕು. ನಿಮ್ಮ ದನಿಯ ಏರಿಳಿತ ತೋರಿಸಲು ಚರಣ ಇದೆ.

2. ಕೊನೆಯ ಚರಣದಲ್ಲಿ ಒಂದೇ ಒಂದು ಕಡೆ ರಾಗ ಮೇಲೇರಲಿ. ಪ್ರತಿ ಸಾಲನ್ನೂ ಏರು ದನಿಯಲ್ಲಿ ಹಾಡಿದರೆ ಏರಿದ್ದೇ ಗೊತ್ತಾಗದು.

3. ಕನ್ನಡದ ಹ್ರಸ್ವ ದೀರ್ಘ ಉಳಿಯಲಿ. ಇಲ್ಲೇ ಕಿಟೆಲ್ಲರ ಮಾತು ಬರುವುದು. ಇಂಗ್ಲಿಷಿನ ಧಾಟಿ ಇಂಗ್ಲಿಷ್ ಮಾತಿನ ಒತ್ತಿಗೆ ಕಟ್ಟಿದ್ದು. ನಮ್ಮ ಛಂದಸ್ಸು ನಿಂತಿರುವುದು ಮಾತ್ರೆಯ ಮೇಲೆ. ಆ ಧಾಟಿಗೆ ಕನ್ನಡ ತುಂಬಿದಾಗ ‘ಕರುಣೆ’ ಎನ್ನುವುದು ‘ಕರೂಣೆ’ ಆಗುತ್ತದೆ, ‘ಜೀವ’ ‘ಜಿವಾ’ ಆಗುತ್ತದೆ. ಕ್ವಾಯರ್‌ನಲ್ಲಿ ಇದು ಕಿವಿಗೆ ಬೀಳುವುದಿಲ್ಲ, ಒಂಟಿ ದನಿಯಲ್ಲಿ ಚುಚ್ಚುತ್ತದೆ. ಹಾಡನ್ನು ಮೊದಲು ಮಾತಿನಂತೆ ಗಟ್ಟಿಯಾಗಿ ಓದಿ. ಓದುವಾಗ ಎಲ್ಲಿ ಎಳೆಯುವುದಿಲ್ಲವೋ ಅಲ್ಲಿ ರಾಗವೂ ಎಳೆಯಬಾರದು. ಹಾಡು ಎಳೆಯಲೇಬೇಕೆಂದು ಬೇಡಿದರೆ ಪದವನ್ನೇ ಬದಲಿಸಿ. ನಮ್ಮ ಕಡೆಯ ಜನಪದ ಮಟ್ಟುಗಳಿಗೆ ಹೊಸ ಮಾತು ಕಟ್ಟಿದರೆ ಈ ತೊಡಕೇ ಇರುವುದಿಲ್ಲ, ಊರಿನವರು ಕೂಡಲೇ ದನಿಗೂಡಿಸುತ್ತಾರೆ.

4. ಣ–ನ, ಳ–ಲ, ಹ–ಅ ಇವುಗಳನ್ನು ಗಮನಿಸಿ. ‘ಹರಸು’ ಎನ್ನಬೇಕಾದಲ್ಲಿ ‘ಅರಸು’ ಎಂದರೆ ಪ್ರಾರ್ಥನೆಯ ಅರ್ಥವೇ ಬದಲಾಗುತ್ತದೆ.

ಶುರುವಿಗೆ ಹತ್ತು ಹನ್ನೆರಡು ಹಾಡು ಬೇಕಿಲ್ಲ. ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಶ್ರುತಿ ಬಿಡದೆ ಹಾಡಬಲ್ಲ ಆರು ಹಾಡು ಇದ್ದರೆ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಸಾಕು. ಅವುಗಳಲ್ಲಿ ಎರಡಾದರೂ ನಿಮ್ಮ ಸ್ವಂತದ್ದಾಗಿರಲಿ. ಏಕೆ ಎಂಬುದಕ್ಕೆ ಉತ್ತರ ಮುಂದಿನ ಭಾಗದಲ್ಲಿದೆ.

ಹಾಡಿನ ಹಕ್ಕು: ಎಡವುವುದು ಹೆಚ್ಚು ಇಲ್ಲಿಯೇ

ಒಂದು ಹಾಡಿನಲ್ಲಿ ಮೂರು ಹಕ್ಕುಗಳಿರುತ್ತವೆ. ಮಾತು ಬರೆದವರದ್ದು ಒಂದು, ರಾಗ ಹಾಕಿದವರದ್ದು ಒಂದು, ರೆಕಾರ್ಡ್ ಮಾಡಿಸಿದವರದ್ದು ಇನ್ನೊಂದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮಾತು ಮತ್ತು ರಾಗದ ಹಕ್ಕು ಕರ್ತೃವಿನ ಜೀವಿತಾವಧಿಗೆ, ಆಮೇಲೆ 60 ವರ್ಷಕ್ಕೆ ಉಳಿಯುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ.

ಪೂಜೆ, ಆರಾಧನೆಯಂಥ ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡುವುದಕ್ಕೆ ಇದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಆದ್ದರಿಂದಲೇ ಕ್ವಾಯರ್‌ನಲ್ಲಿದ್ದವರಿಗೆ ಅನುಮತಿಯ ಪ್ರಶ್ನೆ ಎಂದೂ ಎದುರಾಗಿರುವುದಿಲ್ಲ. ಅದೇ ಹಾಡನ್ನು ರೆಕಾರ್ಡ್ ಮಾಡಿ ನಿಮ್ಮ ಹೆಸರಿನಲ್ಲಿ ಬಿಡುವುದು ಬೇರೆ. ಅದಕ್ಕೆ ಅನುಮತಿ ಬೇಕು.

ಹಳೆಯ ಹಾಡೆಂದು ತಿಳಿದದ್ದೆಲ್ಲ ಹಳೆಯದಲ್ಲ. ‘ಅಮೇಜಿಂಗ್ ಗ್ರೇಸ್’ ಬರೆದ ಜಾನ್ ನ್ಯೂಟನ್ ಹದಿನೆಂಟನೇ ಶತಮಾನದವರು, ಆ ಮಾತುಗಳಿಗೆ ಈಗ ಯಾರ ಹಕ್ಕೂ ಇಲ್ಲ. ‘ಹೌ ಗ್ರೇಟ್ ದೌ ಆರ್ಟ್’ ಅಷ್ಟೇ ಹಳೆಯದೆಂದು ತೋರುತ್ತದೆ. ಅದರ ಇಂಗ್ಲಿಷ್ ಮಾತು ಸ್ಟುವರ್ಟ್ ಹೈನ್ ಅವರದು, ಅವರು ತೀರಿಕೊಂಡದ್ದು 1989ರಲ್ಲಿ. ಅಂದರೆ 2049ರವರೆಗೆ ಹಕ್ಕು ಜೀವಂತ. ಅದನ್ನು ಕನ್ನಡಕ್ಕೆ ಅನುವಾದಿಸಿ ಬಿಡುವುದಕ್ಕೂ ಅನುಮತಿ ಬೇಕು. ನಮ್ಮಲ್ಲೂ ಹೀಗೆಯೇ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ಪದಗಳ ಮಾತು ಎಲ್ಲರದು. ಆ ಪದಗಳಿಗೆ ಸಿ. ಅಶ್ವತ್ಥ್ ಹಾಕಿದ ರಾಗ ಎಲ್ಲರದಲ್ಲ, ಅವರು ತೀರಿಕೊಂಡದ್ದು 2009ರಲ್ಲಿ.

ಮೊದಲ ರೆಕಾರ್ಡಿಂಗ್ ಹೊರಬಂದು 5 ವರ್ಷ ಕಳೆದ ಮೇಲೆ ನೋಟಿಸು ಕೊಟ್ಟು, ರಾಯಧನ ಕಟ್ಟಿ ಅದನ್ನು ಮತ್ತೆ ಹಾಡಿ ಬಿಡುವ ದಾರಿ ಕಾಯ್ದೆಯಲ್ಲಿದೆ. ಆದರೆ ಕನಿಷ್ಠ 50,000 ಪ್ರತಿಗಳ ಲೆಕ್ಕಕ್ಕೆ ರಾಯಧನ ಕಟ್ಟಬೇಕಾದ್ದರಿಂದ ಹೊಸಬರಿಗೆ ಅದು ಎಟುಕದು. ಬರೆದವರನ್ನೋ ಅವರ ಮನೆಯವರನ್ನೋ ಹುಡುಕಿ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳುವುದೇ ಸರಿಯಾದ ದಾರಿ. ನಮ್ಮ ಕಡೆ ಎಷ್ಟೋ ಹಾಡುಗಳನ್ನು ಬರೆದವರು ಪಕ್ಕದ ಧರ್ಮಕೇಂದ್ರದ ಗುರುಗಳೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಹಾಡಿನ ಜೊತೆ ಅವರ ಹೆಸರು ಹಾಕುವುದನ್ನು ಮಾತ್ರ ಮರೆಯಬೇಡಿ.

ನೀವೇ ಬರೆದು ರಾಗ ಹಾಕಿದ್ದರೆ ಐಪಿಆರ್‌ಎಸ್ ಎಂಬ ಸಂಸ್ಥೆಯಲ್ಲಿ ಸದಸ್ಯರಾಗಬಹುದು. ನಿಮ್ಮ ಕೃತಿ ಬಳಕೆಯಾದಾಗ ಬರುವ ರಾಯಧನವನ್ನು ಅದು ಸಂಗ್ರಹಿಸಿ ಕೊಡುತ್ತದೆ.

ರೆಕಾರ್ಡಿಂಗ್: ಅವಸರ ಬೇಡ

ಮೊದಲ ಹಾಡಿಗೆ ಸಾಲ ಮಾಡಿ ಆಲ್ಬಂ ಮಾಡಿಸುವುದು ನಾನು ಕಂಡಂತೆ ದೊಡ್ಡ ತಪ್ಪು. ಒಂದೇ ಹಾಡು, ಚೆನ್ನಾಗಿ ಮಾಡಿಸಿ. ಸ್ಟುಡಿಯೊದಲ್ಲಿ ದುಡ್ಡು ಹೋಗುವುದು ಗಂಟೆಯ ಲೆಕ್ಕದಲ್ಲಿ. ಅಲ್ಲಿ ಹೋಗಿ ಕಲಿಯುವವರು ದುಡ್ಡು ಕಳೆದುಕೊಳ್ಳುತ್ತಾರೆ, ಕಲಿತು ಹೋದವರು ಒಂದೆರಡು ಗಂಟೆಯಲ್ಲಿ ಮುಗಿಸುತ್ತಾರೆ. ಶ್ರುತಿ, ಲಯದ ವೇಗ, ಎಷ್ಟು ಚರಣ, ನಡುವೆ ಎಷ್ಟು ವಾದ್ಯ ಎಂದು ಮೊದಲೇ ಗೊತ್ತುಮಾಡಿ, ಮೆಟ್ರೊನೋಮ್ ಆ್ಯಪಿನ ಟಿಕ್ ಟಿಕ್‌ಗೆ ಹಾಡಿ ಅಭ್ಯಾಸ ಮಾಡಿ ಹೋಗಿ.

ಬರುವಾಗ ಮೂರು ಫೈಲು ಕೇಳಿ ತನ್ನಿ: ಪೂರ್ತಿ ಹಾಡಿನ ವೇವ್ ಫೈಲು, ದನಿ ಇಲ್ಲದ ಟ್ರ್ಯಾಕು, ಬರೀ ದನಿಯ ಫೈಲು. ಎಂಪಿ3 ಒಂದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡು ಸುಮ್ಮನಾದರೆ, ಮುಂದೆ ವೇದಿಕೆಗೆ ಟ್ರ್ಯಾಕ್ ಬೇಕಾದಾಗ ಮತ್ತೆ ದುಡ್ಡು ಕೊಡಬೇಕಾಗುತ್ತದೆ.

ಮನೆಯಲ್ಲೇ ಮಾಡುವುದಾದರೆ ಮೈಕಿಗಿಂತ ಕೋಣೆಯ ಚಿಂತೆ ಹೆಚ್ಚಿರಲಿ. ಬರಿಗೋಡೆ ದನಿಯನ್ನು ತಿರುಗಿಸಿ ಎಸೆಯುತ್ತದೆ, ಆ ಗುಯ್‌ಗುಡುವಿಕೆಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಬಟ್ಟೆ ತುಂಬಿದ ಬೀರು ಇರುವ, ಹಾಸಿಗೆ ರಜಾಯಿ ಇರುವ ಕೋಣೆ ಒಳ್ಳೆಯದು. ಎರಡು ಕಡೆ ರಜಾಯಿ ಇಳಿಬಿಟ್ಟು ನಡುವೆ ನಿಲ್ಲಿ, ಬಾಯಿಗೂ ಮೈಕಿಗೂ ಒಂದು ಗೇಣು ದೂರವಿರಲಿ. ಫ್ಯಾನ್ ನಿಲ್ಲಿಸಿ. ಶೀಟಿನ ಮನೆಯಾದರೆ ಮಳೆಗಾಲದಲ್ಲಿ ಬೇಡವೇ ಬೇಡ. ಕಾಡಂಚಿನಲ್ಲಿ ರಾತ್ರಿ ನಿಶ್ಶಬ್ದ ಎಂದುಕೊಳ್ಳುತ್ತೇವೆ, ಆದರೆ ಕಂಡೆನ್ಸರ್ ಮೈಕಿಗೆ ಜೀರುಂಡೆಯೂ ಕಪ್ಪೆಯೂ ದೂರದ ಪಂಪ್‌ಸೆಟ್ಟೂ ಸ್ಪಷ್ಟವಾಗಿ ಕೇಳುತ್ತವೆ. ನಡು ಮಧ್ಯಾಹ್ನ, ಊರು ಹೊಲಕ್ಕೆ ಹೋದ ಹೊತ್ತು, ಇದಕ್ಕಿಂತ ವಾಸಿ.

ಮೈಕಿನ ಎದುರು

ಮನೆಯಲ್ಲಿ ಅಷ್ಟೆಲ್ಲ ತಯಾರಾಗಿ ಬಂದವರೂ ಪೆಂಡಾಲಿನಲ್ಲಿ ಕಿರುಚಿ ಹಾಡುವುದಕ್ಕೆ ಒಂದೇ ಕಾರಣ, ತಮ್ಮ ದನಿ ತಮಗೆ ಕೇಳದಿರುವುದು. ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ, ಪಕ್ಕದಲ್ಲಿ ರಿದಂ ಪ್ಯಾಡ್ ಬಡಿಯುತ್ತಿರುತ್ತದೆ. ಸುತ್ತ ಸದ್ದು ಹೆಚ್ಚಾದಾಗ ಯಾರೇ ಆದರೂ ಅರಿವಿಲ್ಲದೆ ದನಿ ಏರಿಸುತ್ತಾರೆ. ಮೈಕ್‌ಸೆಟ್‌ನವರನ್ನು ಕೇಳಿ ಒಂದು ಸಣ್ಣ ಸ್ಪೀಕರನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಅದೂ ಇಲ್ಲವೆಂದರೆ ಒಂದು ಕಿವಿಯನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿಕೊಂಡು ಹಾಡಿ. ಹಳೆಯ ಪದಗಾರರು ಕಿವಿಗೆ ಕೈಯಿಟ್ಟು ಹಾಡುವುದನ್ನು ನೀವು ನೋಡಿಯೇ ಇರುತ್ತೀರಿ.

ಮೈಕನ್ನು ತುಟಿಯಿಂದ ಎರಡು ಮೂರು ಬೆರಳಷ್ಟು ದೂರ ಹಿಡಿಯಿರಿ. ತೀರಾ ಹತ್ತಿರ ಹಿಡಿದರೆ ದನಿಯ ಕೆಳಭಾಗ ಉಬ್ಬಿ ಮಾತು ಮಂಕಾಗುತ್ತದೆ. ಮೇಲಿನ ಸ್ವರಕ್ಕೆ ಹೋಗುವಾಗ ಕೈಯನ್ನು ಒಂದು ಗೇಣು ಹಿಂದಕ್ಕೆ ತನ್ನಿ, ಇಳಿಯುವಾಗ ಮತ್ತೆ ಹತ್ತಿರಕ್ಕೆ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡಿ. ಮೈಕ್ ಕುಯ್ಯೆಂದು ಕೂಗುವುದು ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಕ್ಕೆ ಹೋಗಿ ಸುತ್ತುವುದರಿಂದ. ಸ್ಪೀಕರುಗಳು ನಿಮಗಿಂತ ಮುಂದೆ ಇರಬೇಕು, ಬೆನ್ನ ಹಿಂದೆ ಅಲ್ಲ. ಎಕೋ ಕಡಿಮೆ ಮಾಡಲು ಹೇಳಿ. ಒಂದು ಅಕ್ಷರದ ಪ್ರತಿಧ್ವನಿ ಮುಂದಿನ ಅಕ್ಷರದ ಮೇಲೆ ಬಿದ್ದರೆ ಸಾಂತ್ವನದ ಮಾತು ಯಾರಿಗೂ ತಲುಪುವುದಿಲ್ಲ, ಬರೀ ಗದ್ದಲ ತಲುಪುತ್ತದೆ.

ಎಲ್ಲಿಂದ ಶುರು ಮಾಡುವುದು?

ಮೊದಲ ವೇದಿಕೆ ನಿಮ್ಮ ಚರ್ಚೇ. ಹೊರಗೆ ಹಾಡುವ ಆಸೆಯನ್ನು ಪಾಸ್ಟರ್ ಅಥವಾ ಫಾದರ್‌ಗೂ ಕ್ವಾಯರ್ ನಡೆಸುವವರಿಗೂ ಮೊದಲೇ ಹೇಳಿ. ಡಿಸೆಂಬರ್‌ನ ಕ್ಯಾರಲ್ಸ್ ಹೊತ್ತಿಗೆ ಗುಂಪು ಬಿಟ್ಟು ಹೋಗಬೇಡಿ. ಒಂದು ಹಾಡಿನ ಒಂದು ಚರಣ ಒಬ್ಬರೇ ಹಾಡಲು ಕೇಳಿಕೊಳ್ಳಿ, ಆಮೇಲೆ ಇಡೀ ಹಾಡು. ಅಲ್ಲಿಂದ ಪಕ್ಕದೂರಿನ ಪ್ರಾರ್ಥನಾ ಕೂಟ, ಮದುವೆ, ಗೃಹಪ್ರವೇಶ.

ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ‘ಜನಧ್ವನಿ’ ಸಮುದಾಯ ಬಾನುಲಿ ಕೇಂದ್ರವಿದೆ, 90.8 ಎಫ್ಎಂ. ಸಮುದಾಯ ಬಾನುಲಿಯ ನಿಯಮದಂತೆ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರು ಸೇರಿ ಮಾಡಿದ್ದಾಗಿರಬೇಕು. ಹೊಸ ದನಿಗೆ ಇದಕ್ಕಿಂತ ಹತ್ತಿರದ ಬಾಗಿಲು ಬೇರೆ ಇಲ್ಲ. ಎಲ್ಲ ಮತದವರೂ ಕೇಳುವ ಬಾನುಲಿಯಾದ್ದರಿಂದ ಧೈರ್ಯ, ಕರುಣೆ, ಕೃತಜ್ಞತೆಯ ಹಾಡುಗಳನ್ನು ಒಯ್ಯಿರಿ. ಬೋಧನೆ ಅಲ್ಲಿಗೆ ಬೇಡ.

ಮೈಸೂರು ಆಕಾಶವಾಣಿಯದು ಮುಂದಿನ ಮೆಟ್ಟಿಲು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ ಈ ಬಾನುಲಿ ಈಗ 100.6 ಎಫ್ಎಂನಲ್ಲಿ ಕೇಳುತ್ತದೆ. ಸುಗಮ ಸಂಗೀತ, ಜನಪದ ಸಂಗೀತಕ್ಕೆ ಧ್ವನಿ ಪರೀಕ್ಷೆ ನಡೆಸಿ ಬಿ, ಬಿ ಹೈ, ಎ ಎಂದು ಶ್ರೇಣಿ ಕೊಡುತ್ತಾರೆ. ಶ್ರೇಣಿ ಸಿಕ್ಕರೆ ಸಂಭಾವನೆಯ ಜೊತೆ ಎಲ್ಲಿ ಹೋದರೂ ತೋರಿಸಬಹುದಾದ ಗುರುತು ಸಿಕ್ಕಂತೆ. ಅದಕ್ಕೆ ಬೇಕಾದದ್ದೂ ಮೇಲೆ ಹೇಳಿದ್ದೇ: ಬರೀ ತಂಬೂರಿಗೆ ಅಲುಗದೆ ನಿಲ್ಲುವ ಶ್ರುತಿ, ಚೊಕ್ಕ ಉಚ್ಚಾರ. ದಸರೆಯ ಹೊತ್ತಿಗೆ ತಾಲ್ಲೂಕುಗಳಲ್ಲಿ ನಡೆಯುವ ಗ್ರಾಮೀಣ ದಸರೆಯಲ್ಲೂ ಸ್ಥಳೀಯ ಕಲಾವಿದರಿಗೆ ಅವಕಾಶ ಕೇಳಬಹುದು.

ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಪ್ರತಿ ವರ್ಷ ಜೂನ್ 13ಕ್ಕೆ. ಎಲ್ಲ ಜಾತಿ ಮತದ ಜನ ಸೇರುವ ಜಾಗ ಅದು. ಅಂಥ ಕಡೆ ಹಾಡುವಾಸೆ ಇದ್ದರೆ ಜೂನ್ ಒಂದಕ್ಕೆ ಹೋಗಿ ಕೇಳಬೇಡಿ, ತಿಂಗಳುಗಳ ಮೊದಲೇ ಹಾಡಿನ ಒಂದು ಒಳ್ಳೆಯ ರೆಕಾರ್ಡಿಂಗ್ ಹಿಡಿದು ಹೋಗಿ.

ಯೂಟ್ಯೂಬ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರೂ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಬೇಕು. ಅದನ್ನು ನಂಬಿ ಮನೆ ನಡೆಸಲಾಗದು. ಹಾಡಿನ ಮಾತುಗಳನ್ನು ಕನ್ನಡದಲ್ಲೇ ಪರದೆಯ ಮೇಲೆ ಹಾಕಿ, ಬರೆದವರ ಹೆಸರು ಹಾಕಿ, ತಿಂಗಳಿಗೊಂದು ಒಳ್ಳೆಯ ಹಾಡು ಬಿಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಮೆಚ್ಚಿನ ಗಾಯಕರ ಶ್ರುತಿಯಲ್ಲೇ ಹಾಡಲು ಹೋಗುವುದು. ಅದು ಅವರ ಗಂಟಲಿಗೆ ಹೊಂದಿದ್ದು.

• ಪ್ರತಿ ಸ್ವರಕ್ಕೂ ಗಮಕ, ನಡುಕ ಸೇರಿಸುವುದು. ಸ್ವರ ನೇರವಾಗಿ ನಿಲ್ಲಲು ಬಂದಮೇಲೆ ಅಲಂಕಾರ.

• ಹಾಡಿಗಿಂತ ಮುನ್ನುಡಿ ಉದ್ದವಾಗುವುದು. ಎರಡು ಮಾತು ಸಾಕು.

• ಕೀಬೋರ್ಡ್, ತಬಲದವರನ್ನು ‘ದೇವರ ಕೆಲಸ’ ಎಂದು ಬಿಟ್ಟಿ ದುಡಿಸಿಕೊಳ್ಳುವುದು. ಬಸ್ ಚಾರ್ಜು, ಊಟ, ಸಂಭಾವನೆ ಮೊದಲೇ ಮಾತಾಡಿ.

• ಕಣ್ಣು ಮುಚ್ಚಿಕೊಂಡೇ ಪೂರ್ತಿ ಹಾಡುವುದು. ಪ್ರಾರ್ಥನೆಯಲ್ಲಿ ಅದು ಸರಿ, ಜನರಿಗೆ ಹಾಡುವಾಗ ಅವರ ಮುಖ ನೋಡಬೇಕು.

ಎಚ್ಚರಿಕೆ

ಗಂಟಲು ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಮನೆಮದ್ದು ನಿಲ್ಲಿಸಿ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ದನಿಯ ತೊಂದರೆಗೂ ಅಲ್ಲಿ ತಪಾಸಣೆ, ಚಿಕಿತ್ಸೆ ಉಂಟು. ಇಂಥದ್ದೊಂದು ಸಂಸ್ಥೆ ಎಚ್.ಡಿ. ಕೋಟೆಯಿಂದ ಒಂದು ಬಸ್ಸಿನ ದೂರದಲ್ಲಿರುವುದು ನಮ್ಮ ಭಾಗ್ಯ. ಶೀತ, ಕೆಮ್ಮು ಇದ್ದಾಗ ಒತ್ತಿ ಹಾಡಬೇಡಿ, ಪಿಸುಮಾತೂ ಬೇಡ, ಅದೂ ತಂತುಗಳಿಗೆ ಆಯಾಸ.

‘ದುಡ್ಡು ಕೊಟ್ಟರೆ ಟಿವಿಯಲ್ಲಿ ಅವಕಾಶ, ಆಲ್ಬಂ ಬಿಡುಗಡೆ’ ಎನ್ನುವವರಿಂದ ದೂರವಿರಿ. ಹಾಡಿನ ಎಲ್ಲ ಹಕ್ಕನ್ನೂ ಶಾಶ್ವತವಾಗಿ ಬರೆದುಕೊಡುವ ಕಾಗದಕ್ಕೆ, ತಿಳಿದವರಿಂದ ಓದಿಸದೆ ಸಹಿ ಹಾಕಬೇಡಿ.

ರಾತ್ರಿ ಕಾರ್ಯಕ್ರಮಗಳ ವಿಷಯ ನಮ್ಮ ಕಡೆ ಹೆಚ್ಚಿನ ಎಚ್ಚರ ಬೇಡುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದು ಕಾನೂನಿನ ಪ್ರಕಾರ ನಿಷಿದ್ಧ. ಉಳಿದ ಹೊತ್ತಿಗೂ ಲಿಖಿತ ಅನುಮತಿ ಬೇಕು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಎನ್. ಬೇಗೂರಿನ ಹೆಸರಿನ ವಲಯವೇ ಇದೆ, ಕತ್ತಲಾದ ಮೇಲೆ ರಸ್ತೆಗೆ ಆನೆ ಬರುವ ಸೀಮೆ. ಬಾವಲಿ ಕಡೆ ಹೋಗುವ ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ಇಲ್ಲ. ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಹಾಡುವ ಹೊತ್ತು, ಹಿಂದಿರುಗುವ ವಾಹನ, ಉಳಿಯುವ ಜಾಗ ಮಾತಾಡಿ ಮುಗಿಸಿ. ಹೆಣ್ಣುಮಕ್ಕಳು ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೋಗಲಿ.

ಕೊನೆಗೆ, ಹಬ್ಬ ನಡೆಸುವ ಕಮಿಟಿಯವರಲ್ಲಿ ಒಂದು ಕೇಳಿಕೆ. ನಿಮ್ಮೂರಿನ ದನಿಗೆ ರಾತ್ರಿ ಎಲ್ಲ ಮುಗಿದ ಮೇಲಿನ ಹತ್ತು ನಿಮಿಷ ಕೊಡಬೇಡಿ, ಸಂಜೆ ಜನ ತುಂಬಿರುವ ಹೊತ್ತನ್ನು ಕೊಡಿ. ಹೊರಗಿನಿಂದ ಬರುವ ಆರ್ಕೆಸ್ಟ್ರಾಗೆ ಸಾವಿರಗಟ್ಟಲೆ ಕೊಡುವವರು ಇವರಿಗೆ ಶಾಲು ಹೊದಿಸಿ ಕಳಿಸುವುದು ನ್ಯಾಯವಲ್ಲ. ಬಸ್ ಚಾರ್ಜನ್ನೂ ಮರ್ಯಾದೆಯ ಸಂಭಾವನೆಯನ್ನೂ ಲಕೋಟೆಯಲ್ಲಿಟ್ಟು, ವೇದಿಕೆ ಹತ್ತುವ ಮೊದಲೇ ಕೈಗೆ ಕೊಡಿ.